ಕ್ರ್ಯಾಗಿ ಐಲ್ಯಾಂಡ್ ಹುಡುಕಿಕೊಂಡು ಕ್ಲೇರ್ ಕಡೆಗೆ

ಶುಕ್ರವಾರ: ಡಬ್ಲಿನ್, ಲಿಮರಿಕ್, ಕೊರೊಫಿನ್

ಡಬ್ಲಿನ್‌ನ ಮೆರಿಯನ್ ಸ್ಕ್ವೇರ್ ಪಾರ್ಕಿಗೆ ಬರುವವರೆಲ್ಲ ಆಸ್ಕರ್ ವೈಲ್ಡ್ ಪ್ರತಿಮೆ ಎಲ್ಲಿ ಅಂತ ಹುಡುಕುತ್ತಾರೆ. ಅದೇ ಪಾರ್ಕಿನಲ್ಲಿ ಸಿಂಹಾಸನದಂಥ ಒಂದು ಕಂಚಿನ ಕುರ್ಚಿಯೂ ಇದೆ. ಡರ್ಮಟ್ ಮಾರ್ಗನ್ ಎಂಬ ನಟನ ನೆನಪಿಗೆ ಇಟ್ಟಿದ್ದು. ಸಂಜೆಯ ರೈಲಿಗೆ ಇನ್ನೂ ಸಮಯವಿತ್ತು, ಬ್ಯಾಗ್ ಹೊತ್ತುಕೊಂಡೇ ಅಲ್ಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತೆ. ಈ ಪ್ರವಾಸ ಅವರ ಹೆಸರು ಹೇಳಿಕೊಂಡೇ ಶುರುವಾಗಬೇಕು ಅಂತ ನನಗೆ ಆಸೆ.

ಮಾರ್ಗನ್ ಅಂದರೆ ಫಾದರ್ ಟೆಡ್. 1995ರ ಏಪ್ರಿಲ್‌ನಿಂದ 1998ರ ಮೇವರೆಗೆ ಬ್ರಿಟನ್ನಿನ ಚಾನೆಲ್ 4ರಲ್ಲಿ ಬಂದ 'ಫಾದರ್ ಟೆಡ್' ಧಾರಾವಾಹಿಯ ಮುಖ್ಯ ಪಾತ್ರ. ಒಟ್ಟು 25 ಕಂತು, ಅಷ್ಟೇ. ಐರ್ಲೆಂಡಿನ ಪಶ್ಚಿಮ ತೀರದಾಚೆ ಕ್ರ್ಯಾಗಿ ಐಲ್ಯಾಂಡ್ ಅಂತ ಒಂದು ದ್ವೀಪ, ಯಾವ ನಕಾಶೆಯಲ್ಲೂ ಇಲ್ಲದ್ದು. ಚರ್ಚಿಗೆ ಬೇಡವಾದ ಮೂವರು ಪಾದ್ರಿಗಳನ್ನು ಅಲ್ಲಿಗೆ ಸಾಗಹಾಕಿದ್ದಾರೆ. ಟೆಡ್ ಮೇಲೆ ಒಂದು ಮಗುವನ್ನು ಲೂರ್ದ್ ಯಾತ್ರೆಗೆ ಕಳಿಸಲು ಇಟ್ಟಿದ್ದ ದುಡ್ಡು ನುಂಗಿದ ಆರೋಪ. ದುಡ್ಡು ಸುಮ್ನೆ ನನ್ನ ಖಾತೆಯಲ್ಲಿ ವಿಶ್ರಾಂತಿ ತಗೊಳ್ತಿತ್ತು ಅಂತ ಆತ ಕೊನೇತನಕ ಹೇಳುತ್ತಲೇ ಇರುತ್ತಾನೆ. ಡೂಗಲ್ ಅಂತ ಒಬ್ಬ ಚಿಕ್ಕ ಪಾದ್ರಿ, ಅವನಿಗೆ ದೇವರು ಇದ್ದಾನೋ ಇಲ್ಲವೋ ಅನ್ನುವುದೇ ಖಾತ್ರಿಯಿಲ್ಲ. ಜ್ಯಾಕ್ ಅಂತ ಒಬ್ಬ ಮುದುಕ, ಕುರ್ಚಿಯಲ್ಲಿ ಬಿದ್ದುಕೊಂಡು ಕುಡಿತ, ಬೈಗುಳ, ಇಷ್ಟೇ. ಇವರೆಲ್ಲರಿಗೂ ದಿನವಿಡೀ ಟೀ ಕುಡಿಸುವ ಮಿಸೆಸ್ ಡಾಯ್ಲ್. ಸುತ್ತಮುತ್ತ ಊರ ಜನ, ಒಬ್ಬರಿಗಿಂತ ಒಬ್ಬರು ವಿಚಿತ್ರ.

ನನಗೆ ಇದನ್ನು ತೋರಿಸಿದ್ದು ಅಕ್ಕ. ಅವಳು ಲಿಮರಿಕ್‌ನಲ್ಲಿ ನರ್ಸ್. ಬಂದ ಹೊಸದರಲ್ಲಿ ವಾರ್ಡಿನಲ್ಲಿ ಜೊತೆಯವರು ಏನೋ ಒಂದು ಮಾತು ಹೇಳಿ ನಗುತ್ತಿದ್ದರಂತೆ, ಹಾಸಿಗೆಯಲ್ಲಿದ್ದ ಪೇಷೆಂಟ್ ಕೂಡ ನಗುತ್ತಿದ್ದರಂತೆ, ಇವಳೊಬ್ಬಳಿಗೆ ಅರ್ಥವಾಗುತ್ತಿರಲಿಲ್ಲ. ಆಮೇಲೆ ಅದೆಲ್ಲ ಫಾದರ್ ಟೆಡ್ ಮಾತುಗಳು ಅಂತ ಗೊತ್ತಾಗಿ, ಸಬ್‌ಟೈಟಲ್ ಹಾಕಿಕೊಂಡು ಎಲ್ಲ ಕಂತು ನೋಡಿದಳು. ಈ ದೇಶದ ಜನರ ಜೊತೆ ಬಾಯಿಬಿಟ್ಟು ನಗಲು ನಾನು ಕಲಿತಿದ್ದೇ ಅದರಿಂದ ಅಂತ ಈಗಲೂ ಹೇಳುತ್ತಾಳೆ. ನನಗೂ ಹಾಗೇ ಆಯಿತು.

ಹ್ಯೂಸ್ಟನ್ ಸ್ಟೇಷನ್‌ನಿಂದ ರೈಲು ಹತ್ತಿ, ಲಿಮರಿಕ್ ಜಂಕ್ಷನ್‌ನಲ್ಲಿ ಬದಲಾಯಿಸಿ, ಲಿಮರಿಕ್‌ನಲ್ಲಿ ಇಳಿದೆ. ಅಕ್ಕ, ಭಾವ ಕಾರು ತಂದಿದ್ದರು. ಭಾವ ಧಾರಾವಾಹಿಯನ್ನು ಅಲ್ಲೊಂದು ಇಲ್ಲೊಂದು ತುಣುಕು ನೋಡಿದವರು ಅಷ್ಟೇ. ದಾರಿಯುದ್ದಕ್ಕೂ ಅವರದು ಒಂದೇ ಪ್ರಶ್ನೆ.

"ಹಳ್ಳಿ ಜನ, ಪಾದ್ರಿಗಳು, ಎಲ್ಲರನ್ನೂ ಪೆದ್ದರ ಥರ ತೋರ್ಸಿದಾರೆ ಅಂತೀರಿ. ಆ ಊರಿನವರಿಗೆ ಬೇಜಾರಾಗಲ್ವಾ?"

ನನಗೂ ಅದೇ ಬೇಕಿತ್ತು. ಬರೆದವರು ಗ್ರಹಾಂ ಲಿನೆಹನ್ ಮತ್ತು ಆರ್ಥರ್ ಮ್ಯಾಥ್ಯೂಸ್, ಇಬ್ಬರೂ ಐರಿಷ್. ಆದರೆ ದುಡ್ಡು ಹಾಕಿದ್ದು ಬ್ರಿಟಿಷ್ ಚಾನೆಲ್, ತಯಾರಿಸಿದ್ದು ಲಂಡನ್ನಿನ ಹ್ಯಾಟ್ ಟ್ರಿಕ್ ಕಂಪನಿ. ಮನೆಯೊಳಗಿನ ದೃಶ್ಯಗಳೆಲ್ಲ ಲಂಡನ್ನಿನ ಸ್ಟುಡಿಯೋದಲ್ಲಿ ಪ್ರೇಕ್ಷಕರ ಎದುರು ತೆಗೆದವು. ಐರ್ಲೆಂಡಿನ ಸರ್ಕಾರಿ ಟಿವಿ ಬೇಡ ಅಂದಿದ್ದಕ್ಕೆ ಇಂಗ್ಲೆಂಡಿಗೆ ಹೋಯಿತು ಅಂತ ಇಲ್ಲಿ ತುಂಬಾ ಜನ ನಂಬಿದ್ದಾರೆ. ಅದು ನಿಜವಲ್ಲ, ಮೊದಲಿನಿಂದಲೂ ಅದು ಚಾನೆಲ್ 4ಕ್ಕೇ ಮಾಡಿದ್ದು. ಹಳೇ ದಣಿಯ ಊರಲ್ಲಿ ಕುಳಿತು ತಮ್ಮ ಹಳ್ಳಿಯ ಬಗ್ಗೆ ನಗುವುದು ಅಂದರೆ ಅದು ಅಪಾಯದ ಕೆಲಸವೇ. ಬಹಳ ಕಾಲ ಇಂಗ್ಲಿಷರು ಐರಿಷರನ್ನು ಪೆದ್ದರು ಅಂತಲೇ ಗೇಲಿ ಮಾಡಿದವರು. ಅಂಥದ್ದರಲ್ಲಿ ಇದನ್ನು ಐರಿಷರೇ ಯಾಕೆ ಇಷ್ಟು ಹಚ್ಚಿಕೊಂಡರು?

ರಾತ್ರಿ ಕ್ಲೇರ್ ಜಿಲ್ಲೆಯ ಕೊರೊಫಿನ್ ಹತ್ತಿರದ ಒಂದು ಮನೆಯಲ್ಲಿ ಉಳಿದೆವು.

ಶನಿವಾರ: ಕಿಲ್ನಬಾಯ್, ಗ್ಲಾನ್‌ಕ್ವಿನ್, ಕಿಲ್ಫೆನೋರಾ

ಬೆಳಗ್ಗೆ ತಿಂಡಿಗೆ ಕುಳಿತಾಗಲೇ ಅಕ್ಕ ನನ್ನ ಕಾಲು ಒತ್ತಿದಳು. ಮನೆಯ ಯಜಮಾನಿ ಟೋಸ್ಟ್ ಇನ್ನೊಂದು ಅಂತ ಬಂದರು. ಸಾಕು ಅಂದೆವು. ಟೀ ಇನ್ನೊಂದು ಪಾಟ್ ಅಂತ ಬಂದರು. ಸಾಕು ಅಂದೆವು. ಸ್ವಲ್ಪ ಹೊತ್ತಿಗೆ ಎರಡೂ ಬಂದು ಟೇಬಲ್ ಮೇಲೆ ಕುಳಿತವು. ಪಾಲಿನ್ ಮೆಕ್ಲಿನ್ ಆಡಿದ ಮಿಸೆಸ್ ಡಾಯ್ಲ್ ಪಾತ್ರದ ಜೀವವೇ ಇದು, ಬೇಡ ಅನ್ನುವವರ ಮುಂದೆ ಕಪ್ ಹಿಡಿದು ಕುಡೀರಿ, ಕುಡೀರಿ, ಕುಡೀರಿ ಅಂತ ಅವರು ಸೋಲುವವರೆಗೂ ಬಿಡದಿರುವುದು. ನಮ್ಮ ಸಾಗರದ ಕಡೆ ಮದುವೆಮನೆ ಪಂಕ್ತಿಯಲ್ಲಿ ಎರಡೂ ಕೈ ಬಾಳೆಲೆಗೆ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಹೋಳಿಗೆ ಬೀಳಿಸುತ್ತಾರಲ್ಲ, ಅಷ್ಟೇ ಪ್ರೀತಿ, ಅಷ್ಟೇ ಹಟ. ಒಂದು ಕ್ರಿಸ್‌ಮಸ್ ಕಂತಿನಲ್ಲಿ ಅವಳಿಗೆ ಟೀ ಮಾಡುವ ಮಷೀನ್ ತಂದುಕೊಡುತ್ತಾರೆ. ಅವಳಿಗೆ ಅದು ಬೇಡ. ಕಷ್ಟಪಟ್ಟು ಮಾಡುವುದೇ ಅವಳ ಖುಷಿ. ನಗಿಸುತ್ತಲೇ ಎದೆಗೆ ತಾಗುವ ದೃಶ್ಯ ಅದು, ನನಗಂತೂ ಊರಿನ ಎಷ್ಟೋ ಹೆಂಗಸರು ಕಣ್ಣ ಮುಂದೆ ಬರುತ್ತಾರೆ.

ಕಿಲ್ನಬಾಯ್ ಊರು ಅಂದರೆ ನಾಲ್ಕಾರು ಮನೆ, ರಸ್ತೆ ಪಕ್ಕದ ದಿಬ್ಬದ ಮೇಲೆ ಸೂರು ಹೋದ ಹಳೇ ಚರ್ಚು, ಸುತ್ತ ಗೋರಿಗಳು. ಚರ್ಚಿನ ದಕ್ಷಿಣ ಬಾಗಿಲ ಮೇಲೆ ಒಂದು ಕಲ್ಲು ಕೆತ್ತನೆ ಇದೆ. ಬೆತ್ತಲೆ ಹೆಂಗಸು, ಕಾಲು ಅಗಲಿಸಿ ಕೈಯಿಂದ ತನ್ನ ಯೋನಿ ತೋರಿಸುತ್ತಾಳೆ. ಶೀಲಾ ನ ಗಿಗ್ ಅನ್ನುತ್ತಾರೆ, ಐರ್ಲೆಂಡಿನ ಹಲವು ಹಳೇ ಚರ್ಚು, ಕೋಟೆಗಳಲ್ಲಿ ಇವೆ. ಬಾದಾಮಿ ಮ್ಯೂಸಿಯಂನಲ್ಲಿ ಲಜ್ಜಾಗೌರಿಯನ್ನು ನೋಡಿದವರು ಇಲ್ಲಿ ಒಂದು ಕ್ಷಣ ನಿಂತೇ ನಿಲ್ಲುತ್ತಾರೆ. ಎರಡಕ್ಕೂ ಸಂಬಂಧ ಕಟ್ಟಲು ನಾನು ಹೋಗುವುದಿಲ್ಲ. ಆದರೆ ದೇವರ ಮನೆ ಬಾಗಿಲ ಮೇಲೆ ಇದನ್ನು ಇಟ್ಟ ಜನ, ಶತಮಾನಗಟ್ಟಲೆ ಅದರ ಕೆಳಗೇ ಓಡಾಡಿ ಪ್ರಾರ್ಥನೆ ಮಾಡಿದ ಜನ. ಈ ನಾಡಿನ ವಿಚಿತ್ರ ಟಿವಿಯವರು ಬಂದು ತುಂಬಿದ್ದಲ್ಲ ಅಂತ ನನಗೆ ಗಟ್ಟಿಯಾಗಿ ಅನಿಸಿದ್ದು ಆಗಲೇ.

ಅಲ್ಲಿಂದ ಗ್ಲಾನ್‌ಕ್ವಿನ್ ಕಡೆ ಸಣ್ಣ ರಸ್ತೆ. ಎದುರಿಗೆ ಕಾರು ಬಂದರೆ ಒಬ್ಬರು ಹಿಂದೆ ಹೋಗಲೇಬೇಕು. ಹಾಗೆ ಹಿಂದೆ ಹೋದಾಗಲೆಲ್ಲ ಎದುರಿನವರು ಸ್ಟೀರಿಂಗ್‌ನಿಂದ ಒಂದು ಬೆರಳು ಎತ್ತಿ ಥ್ಯಾಂಕ್ಸ್ ಹೇಳುತ್ತಾರೆ. ಭಾವ ಬೇಗ ಕಲಿತುಬಿಟ್ಟರು, ಅರ್ಧ ದಾರಿಯಿಂದ ಅವರೂ ಬೆರಳು ಎತ್ತಲು ಶುರು ಮಾಡಿದರು.

"ಲೇ, ನೋಡೇ, ಬಂತು!" ಅಕ್ಕ ಕೂಗಿದಳು. "ರೀ, ನಿಲ್ಸಿ, ನಿಲ್ಸಿ!"

ಬೂದು ಬಣ್ಣದ ಎರಡಂತಸ್ತಿನ ಮನೆ. ಮುಂದೆ ಹುಲ್ಲು, ಕಲ್ಲಿನ ಗೋಡೆ. ಪ್ರತಿ ಕಂತಿನಲ್ಲೂ ನೋಡುವ ಪಾದ್ರಿಗಳ ಮನೆ ಇದೇ. ನಿಜಕ್ಕೂ ಇದು ಒಂದು ಕುಟುಂಬ ವಾಸ ಮಾಡುವ ಮನೆ, ಸುತ್ತ ಅವರ ಹೊಲ. ಹಾಗಾಗಿ ನಾವು ಒಳಗೆ ಕಾಲಿಡಲಿಲ್ಲ, ರಸ್ತೆಯಿಂದಲೇ ನೋಡಿದೆವು. ಮೊದಲೇ ಕೇಳಿ ಹೋಗುವ ಅಭಿಮಾನಿಗಳನ್ನು ಒಳಗೆ ಕರೆದು ಟೀ ಕೊಟ್ಟಿದ್ದೂ ಇದೆ. ನಾವು ಕೇಳಿರಲಿಲ್ಲ, ಕೇಳದೆ ಗೇಟು ತೆಗೆಯುವುದು ಸರಿಯಲ್ಲ ಅಲ್ವಾ.

ಇಲ್ಲಿ ನಿಂತ ಮೇಲೆ ಒಂದು ವಿಷಯ ಹೊಳೆಯಿತು. ಧಾರಾವಾಹಿ ಶುರುವಾಗುವಾಗ ಹೆಲಿಕಾಪ್ಟರ್‌ನಿಂದ ಸಮುದ್ರ, ದ್ವೀಪ, ತುಕ್ಕು ಹಿಡಿದ ಹಡಗು ಎಲ್ಲ ತೋರಿಸಿ ಕೊನೆಗೆ ಈ ಮನೆಗೆ ಬಂದು ನಿಲ್ಲುತ್ತಾರೆ. ಆದರೆ ಇಲ್ಲಿಂದ ಸಮುದ್ರ ಕಾಣುವುದೇ ಇಲ್ಲ! ಇದು ಒಳನಾಡು. ಆದರೂ ಎಲ್ಲೋ ಸಮುದ್ರದ ನಡುವೆ ಸಿಕ್ಕಿಕೊಂಡ ಹಾಗೆ ಅನಿಸುವುದು ಸುಳ್ಳಲ್ಲ, ಯಾಕೆಂದರೆ ಸುತ್ತ ಬರೆನ್ ಇದೆ. ಎತ್ತ ನೋಡಿದರೂ ಬೂದು ಸುಣ್ಣಕಲ್ಲಿನ ಹಾಸು, 30 ಕೋಟಿ ವರ್ಷಕ್ಕೂ ಹಿಂದೆ ಬೆಚ್ಚಗಿನ ಸಮುದ್ರದ ತಳದಲ್ಲಿ ಕೂಡಿಕೊಂಡ ಕಲ್ಲು. ಅದರ ಬಿರುಕುಗಳಲ್ಲಿ ಗಿಡ. ಮೇ ತಿಂಗಳಾದ್ದರಿಂದ ಜೆಂಷನ್ ಹೂ ಬಿಟ್ಟಿತ್ತು, ಅಂಥ ಕಡು ನೀಲಿ ನಾನು ಇನ್ನೆಲ್ಲೂ ನೋಡಿಲ್ಲ. ಹಿಮದ ನಾಡಿನ ಗಿಡ, ಮೆಡಿಟರೇನಿಯನ್ ಕಡೆಯ ಗಿಡ ಇಲ್ಲಿ ಪಕ್ಕಪಕ್ಕದಲ್ಲೇ ಬೆಳೆಯುತ್ತವೆ. ಇಲ್ಲಿಯ ರೈತರು ದನಗಳನ್ನು ಚಳಿಗಾಲದಲ್ಲಿ ಗುಡ್ಡಕ್ಕೆ ಹೊಡೆಯುತ್ತಾರೆ, ಬೇಸಿಗೆಯಲ್ಲಿ ಕೆಳಗೆ ಇಳಿಸುತ್ತಾರೆ. ಬೇರೆ ಕಡೆಯ ಪದ್ಧತಿಗೆ ಪೂರ್ತಿ ಉಲ್ಟಾ. ಕಲ್ಲು ಬೇಸಿಗೆಯ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೇಲೆ ನೆಲವೂ ಒಣಗಿರುತ್ತದೆ, ಅದಕ್ಕೇ. ಚಳಿಗಾಲದಲ್ಲಿ ದನ ಮೇದು ಹುಲ್ಲು ತೆಗೆದರೆ ತಾನೇ ಮೇನಲ್ಲಿ ಈ ಹೂಗಳಿಗೆ ಬೆಳಕು.

ಹತ್ತಿರದಲ್ಲೇ ಮುಲ್ಲಾಮೋರ್ ಗುಡ್ಡ, ಕಲ್ಲಿನ ಪದರಗಳು ಸುರುಳಿ ಸುತ್ತಿ ಮೇಲೆದ್ದ ಹಾಗಿದೆ. ಅದರ ಬುಡದಲ್ಲಿ ಪ್ರವಾಸಿಗರಿಗಾಗಿ ದೊಡ್ಡ ಕೇಂದ್ರ ಕಟ್ಟುತ್ತೇವೆ ಅಂತ 1990ರ ದಶಕದ ಶುರುವಲ್ಲಿ ಸರ್ಕಾರ ಹೊರಟಿತ್ತು. ಕೆಲಸ ಸಿಗುತ್ತದೆ ಅಂತ ಕೆಲವರು, ಗುಡ್ಡ ಹಾಳಾಗುತ್ತದೆ ಅಂತ ಕೆಲವರು, ಊರು ಊರೇ ಎರಡು ಪಾಲಾಯಿತು. ಕೋರ್ಟಿಗೆ ಹೋಯಿತು, 1993ರಲ್ಲಿ ಕೆಲಸ ನಿಂತಿತು, 2000ದಲ್ಲಿ ಪೂರ್ತಿ ಕೈಬಿಟ್ಟರು. ಅಂದರೆ ಟೆಡ್ ಚಿತ್ರೀಕರಣಕ್ಕೆ ಬಂದಾಗ ಇಲ್ಲಿ ಆ ಜಗಳ ಇನ್ನೂ ಬಿಸಿಯಾಗಿತ್ತು. ಗುಡ್ಡ ಉಳಿದದ್ದು ನನಗೆ ದೊಡ್ಡ ಸಮಾಧಾನ.

ಮಧ್ಯಾಹ್ನ ಕಿಲ್ಫೆನೋರಾ. ಈ ಊರು ಮತ್ತು ಪಕ್ಕದ ಎನಿಸ್ಟೈಮನ್, ಎರಡರ ಬೀದಿಗಳೂ ಧಾರಾವಾಹಿಯಲ್ಲಿವೆ. 1909ರಲ್ಲಿ ಶುರುವಾದ ಇಲ್ಲಿಯ ಕೇಲಿ ಬ್ಯಾಂಡ್, ಅಂದರೆ ಐರಿಷ್ ಕುಣಿತಕ್ಕೆ ನುಡಿಸುವ ತಂಡ, ಇವತ್ತೂ ನುಡಿಸುತ್ತಿದೆ. ಕೈಬೆರಳೆಣಿಕೆಯ ಅಂಗಡಿಗಳ ಈ ಪುಟ್ಟ ಊರಿನಲ್ಲಿ ಒಂದು ಕ್ಯಾಥೀಡ್ರಲ್ ಇದೆ, ಎತ್ತರದ ಹಳೇ ಕಲ್ಲಿನ ಶಿಲುಬೆಗಳಿವೆ. ಮೊದಲು ಇದೇ ಒಂದು ಧರ್ಮಪ್ರಾಂತ್ಯವಾಗಿತ್ತು. ಈಗ ಇದಕ್ಕೆ ಸ್ವಂತ ಬಿಷಪ್ ಇಲ್ಲ, 1883ರಿಂದ ಗಾಲ್ವೇ ಬಿಷಪ್ ಪೋಪ್ ಪರವಾಗಿ ನೋಡಿಕೊಳ್ಳುತ್ತಾರೆ. ಅದಕ್ಕೇ ಊರಿನವರು ಪೋಪ್ ನಮ್ಮ ಬಿಷಪ್ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಈ ಗಾಲ್ವೇ ಬಿಷಪ್ ಅನ್ನುವ ಮಾತಿಗೆ ನಾನು ಕಾಯುತ್ತಿದ್ದೆ. 1976ರಿಂದ ಆ ಹುದ್ದೆಯಲ್ಲಿ ಇದ್ದವರು ಈಮನ್ ಕೇಸಿ. ದೇಶಕ್ಕೆಲ್ಲ ಪರಿಚಿತರು, ಮಾತುಗಾರರು. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಗಾಲ್ವೇಗೆ ಬಂದಾಗ ಲಕ್ಷಗಟ್ಟಲೆ ಯುವಜನರನ್ನು ವೇದಿಕೆಯಿಂದ ಹುರಿದುಂಬಿಸಿದ್ದು ಕೇಸಿ ಮತ್ತು ಫಾದರ್ ಮೈಕಲ್ ಕ್ಲೀರಿ. 1992ರ ಮೇನಲ್ಲಿ ಕೇಸಿಗೆ ಅಮೆರಿಕದಲ್ಲಿ ಒಬ್ಬ ಮಗ ಇದ್ದಾನೆ ಅಂತ ಹೊರಬಿತ್ತು, ರಾಜೀನಾಮೆ ಕೊಟ್ಟರು. ಕ್ಲೀರಿ ತೀರಿಕೊಂಡ ಮೇಲೆ ಅವರಿಗೂ ಮಕ್ಕಳಿದ್ದದ್ದು ಗೊತ್ತಾಯಿತು. ಕುಟುಂಬ ಯೋಜನೆ ಬೇಡ, ವಿಚ್ಛೇದನ ಬೇಡ ಅಂತ ಜನಕ್ಕೆ ಹೇಳಿಕೊಂಡು ಬಂದ ಸಂಸ್ಥೆ ಇದು. ಜನಕ್ಕೆ ಎಷ್ಟು ನೋವಾಗಿರಬೇಕು!

ಇದಾಗಿ ಮೂರೇ ವರ್ಷಕ್ಕೆ ಟೆಡ್ ಬಂತು. ಅದರಲ್ಲಿ ಬಿಷಪ್ ಬ್ರೆನನ್ ಅಂತ ಒಬ್ಬ, ಸದಾ ಸಿಟ್ಟು, ಗುಟ್ಟಾಗಿ ಒಬ್ಬ ಮಗ. ಪಾದ್ರಿಗಳು ಅವನೆದುರು ಗಡಗಡ ನಡುಗುತ್ತಾರೆ. ಡೂಗಲ್ ಒಬ್ಬ ಮಾತ್ರ ಏನೂ ಗೊತ್ತಿಲ್ಲದ ಮಗುವಿನ ಹಾಗೆ ನಿಮ್ಮ ಮಗ ಹೇಗಿದ್ದಾನೆ ಅಂತ ಕೇಳಿಬಿಡುತ್ತಾನೆ. ಕೊನೆಯ ಸರಣಿಯಲ್ಲಿ ಟೆಡ್ ಪಂದ್ಯದಲ್ಲಿ ಮೋಸ ಮಾಡಿದ ತಪ್ಪಿಗೆ ಬಿಷಪ್ಪನ ಹಿಂಭಾಗಕ್ಕೆ ಒದೆಯಬೇಕಾಗುತ್ತದೆ, ಒದೆಯುತ್ತಾನೆ. ಇದನ್ನು ಬರೀ ತಮಾಷೆ ಅಂತ ನೋಡಿದರೆ ಅರ್ಧ ಮಾತ್ರ ಸಿಗುತ್ತದೆ. ಅಷ್ಟು ವರ್ಷ ತಲೆಬಾಗಿ ನಿಂತವರಿಗೆ, ಬಾಗದೆ ನಗುವ ಅವಕಾಶ ಸಿಕ್ಕಿತು. ಹಾಗಂತ ಟೆಡ್ ಬರೆದವರು ಪಾದ್ರಿಗಳನ್ನು ದ್ವೇಷಿಸಲೂ ಇಲ್ಲ. ಟೆಡ್ ಒಬ್ಬ ಸಾಮಾನ್ಯ ಮನುಷ್ಯ, ಒಂಚೂರು ದುರಾಸೆ, ಒಂಚೂರು ಸುಳ್ಳು, ತುಂಬಾ ಒಂಟಿತನ. ಚರ್ಚಿನ ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆದ ಕ್ರೌರ್ಯದ ಪೂರ್ತಿ ವರದಿ ಬಂದಿದ್ದು 2009ರಲ್ಲಿ. ಅದಾದ ಮೇಲೆ ಇಷ್ಟು ಮೆದುವಾಗಿ ಯಾರಿಗೂ ಬರೆಯಲು ಆಗುತ್ತಿರಲಿಲ್ಲ ಅಂತ ನನಗನಿಸುತ್ತದೆ.

ಸಂಜೆ ಎನಿಸ್ಟೈಮನ್‌ನ ಒಂದು ಪಬ್‌ನಲ್ಲಿ ಗೋಡೆ ಮೇಲೆ ಟೆಡ್ ತಂಡದ ಫೋಟೋಗಳಿದ್ದವು. ಭಾವ ತಮ್ಮ ಪ್ರಶ್ನೆಯನ್ನು ನೇರವಾಗಿ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರಿಗೇ ಕೇಳಿಬಿಟ್ಟರು. ನಿಮಗೆ ಬೇಜಾರಾಗಲಿಲ್ವಾ ಅಂತ. ಅವರು ಸ್ವಲ್ಪ ಯೋಚಿಸಿ, ಪಾತ್ರಗಳಲ್ಲಿ ಅರ್ಧ ಜನ ನಮ್ಮ ಬಂಧುಗಳ ಹಾಗೇ ಇದ್ದರು, ಅವರನ್ನು ಟಿವಿಯಲ್ಲಿ ನೋಡಿದ್ದೇ ಖುಷಿ ಅಂದರು. ಆಮೇಲೆ ಅವರಿಗೆ ಗೊತ್ತಿದ್ದ ಒಬ್ಬ ಪಾದ್ರಿಯ ಕಥೆ ಶುರುವಾಯಿತು. ಮುಗಿಯುವಾಗ ಪಬ್ ಮುಚ್ಚುವ ಹೊತ್ತಾಗಿತ್ತು.

ಭಾನುವಾರ: ಇನಿಶೀರ್

ಡೂಲಿನ್‌ನಿಂದ ಫೆರಿ. ಗಾಳಿ ಜೋರಿತ್ತು, ಅಕ್ಕ ಕಣ್ಣು ಮುಚ್ಚಿಕೊಂಡು ಕುಳಿತಳು, ಬೇಗ ತಲುಪಿದೆವು. ಅರಾನ್ ದ್ವೀಪಗಳು ಮೂರು, ಅದರಲ್ಲಿ ತೀರಾ ಚಿಕ್ಕದು ಇನಿಶೀರ್. ಜನ ಕೆಲವು ನೂರು ಮಾತ್ರ. ಐರಿಷ್ ಭಾಷೆ ಇಲ್ಲಿ ದಿನಬಳಕೆಯಲ್ಲಿದೆ. ಡಬ್ಲಿನ್‌ನಲ್ಲಿ ಬೋರ್ಡ್ ಮೇಲೆ ಮಾತ್ರ ನೋಡುವ ಭಾಷೆಯಲ್ಲಿ ಇಲ್ಲಿ ಮಕ್ಕಳು ಜಗಳ ಆಡುತ್ತಿದ್ದರು. ಕೇಳಿ ಮನಸ್ಸು ತುಂಬಿ ಬಂತು.

ದ್ವೀಪದ ತುಂಬಾ ಕಲ್ಲಿನ ಗೋಡೆಗಳು, ಗಾರೆ ಹಾಕದೆ ಸುಮ್ನೆ ಜೋಡಿಸಿದವು. ನಡುವೆ ಪುಟ್ಟ ಪುಟ್ಟ ಹೊಲ. ಬರೆನ್‌ನ ಅದೇ ಸುಣ್ಣಕಲ್ಲು ಸಮುದ್ರದಡಿಯಲ್ಲಿ ಹಾದು ಇಲ್ಲಿ ತಲೆ ಎತ್ತಿದೆ. ಹಾಗೆ ನೋಡಿದರೆ ಟೆಡ್ ಮನೆಯನ್ನು ಒಳನಾಡಿನಲ್ಲಿಟ್ಟು ದ್ವೀಪವನ್ನು ಇಲ್ಲಿ ತೋರಿಸಿದ್ದು ಮೋಸವೇನಲ್ಲ, ಎರಡೂ ಒಂದೇ ನೆಲ.

ಪೂರ್ವ ತೀರದಲ್ಲಿ ಪ್ಲಾಸಿ ಹಡಗು. ಧಾರಾವಾಹಿಯ ಶುರುವಿನಲ್ಲಿ ಬರುವುದು ಇದೇ. 1960ರ ಮಾರ್ಚ್ 8ರಂದು ಬಿರುಗಾಳಿಗೆ ಸಿಕ್ಕಿ ಬಂಡೆಗೆ ಬಡಿಯಿತು. ದ್ವೀಪದ ಜನ ರಾಕೆಟ್‌ನಿಂದ ಹಗ್ಗ ಹಾರಿಸಿ, ಹಗ್ಗದ ಮೇಲೆ ಒಬ್ಬೊಬ್ಬರನ್ನೇ ಎಳೆದು, ಹಡಗಿನಲ್ಲಿದ್ದ 11 ಜನರನ್ನೂ ಉಳಿಸಿದರು. ಕೆಲವು ವಾರ ಕಳೆದು ಬಂದ ಇನ್ನೊಂದು ಬಿರುಗಾಳಿ ಹಡಗನ್ನೇ ಎತ್ತಿ ದಡದ ಬಂಡೆಗಳ ಮೇಲೆ ತಂದು ಹಾಕಿತು. 2014ರ ಜನವರಿಯ ಬಿರುಗಾಳಿಗೆ ಮತ್ತೆ ಜರುಗಿತು. ಈಗ ಬರೀ ತುಕ್ಕು, ತೂತು, ಒಳಗಿಂದ ಆಕಾಶ ಕಾಣುತ್ತದೆ. ಹತ್ತಿರ ನಿಂತರೆ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಇದನ್ನು ಸಮುದ್ರ ಎತ್ತಿ ಎಸೆದಿದೆ!

ಟೆಡ್‌ನಲ್ಲಿ ಒಂದು ಮಾತು ಬರುತ್ತದೆ, ನಮ್ಮ ದ್ವೀಪಕ್ಕೆ ಪಶ್ಚಿಮ ಭಾಗವೇ ಇಲ್ಲ, ಬಿರುಗಾಳಿಗೆ ಕಿತ್ತುಕೊಂಡು ತೇಲಿ ಹೋಯಿತು ಅಂತ. ಡಬ್ಲಿನ್‌ನಲ್ಲಿ ಸೋಫಾ ಮೇಲೆ ಕುಳಿತು ನೋಡಿದಾಗ ಅದು ಅಸಂಬದ್ಧ ಅನಿಸಿ ನಕ್ಕಿದ್ದೆ. ಈ ಹಡಗಿನ ಪಕ್ಕ ನಿಂತಾಗ ಹಾಗೆ ಅನಿಸಲಿಲ್ಲ. ಗಾಳಿಗೆ ಬದುಕಿದವರು ಗಾಳಿಯ ಬಗ್ಗೆ ಹೀಗೇ ಮಾತಾಡುತ್ತಾರೆ, ಸ್ವಲ್ಪ ಜಾಸ್ತಿ ಮಾಡಿ, ಮುಖದಲ್ಲಿ ಒಂದು ಗೆರೆಯೂ ಕದಲಿಸದೆ.

ಮರಳಲ್ಲಿ ಅರ್ಧ ಮುಳುಗಿದ ಒಂದು ಚರ್ಚು ನೋಡಿದೆವು, ಸಂತ ಕೀವಾನ್ ಹೆಸರಿನದು. ಸೂರು ಇಲ್ಲ. ಬಾವಿಗೆ ಇಳಿದ ಹಾಗೆ ಇಳಿಯಬೇಕು. ಪ್ರತಿವರ್ಷ ಜೂನ್ 14ರ ಹಬ್ಬಕ್ಕೆ ಊರಿನವರು ಮರಳು ತೆಗೆಯುತ್ತಾರೆ, ಗಾಳಿ ಮತ್ತೆ ತುಂಬುತ್ತದೆ, ಮತ್ತೆ ತೆಗೆಯುತ್ತಾರೆ. ಭಾವ ಅಲ್ಲಿ ತುಂಬಾ ಹೊತ್ತು ನಿಂತರು. ಧಾರಾವಾಹಿಯಲ್ಲಿ ಒಂದು ಕಲ್ಲನ್ನು ಎರಡನೇ ದರ್ಜೆಯ ಪವಿತ್ರ ವಸ್ತು ಅಂತ ಬಡ್ತಿ ಕೊಡಲು ಮೂವರು ಬಿಷಪ್‌ಗಳು ಬರುವ ಕಂತು ಇದೆ ಅಂತ ಅಕ್ಕ ಹೇಳಲು ಶುರು ಮಾಡಿದಳು, ಅವರು ಪೂರ್ತಿ ಕೇಳಿದರು.

ಮರಳಿ ಬರುವಾಗ ದ್ವೀಪಗಳ ಪೈಪೋಟಿಯ ಕಥೆ. ನಿಜವಾದ ಕ್ರ್ಯಾಗಿ ಐಲ್ಯಾಂಡ್ ನಮ್ಮದು ಅಂತ ಇನಿಶೀರ್, ಇಲ್ಲ ನಮ್ಮದು ಅಂತ ದೊಡ್ಡ ದ್ವೀಪ ಇನಿಶ್‌ಮೋರ್. ಧಾರಾವಾಹಿಯ ಶುರುವಿನ ದೃಶ್ಯದಲ್ಲಿ ಕಾಣುವುದು ಇನಿಶೀರ್, ಆದರೆ 2007ರಲ್ಲಿ ಅಭಿಮಾನಿಗಳ ಟೆಡ್ ಫೆಸ್ಟ್ ಶುರುವಾಗಿದ್ದು ಇನಿಶ್‌ಮೋರ್‌ನಲ್ಲಿ. ಕೊನೆಗೆ ಅದೇ ವರ್ಷ ಫುಟ್‌ಬಾಲ್ ಆಡಿ ತೀರ್ಮಾನ ಮಾಡಿದರು. ಇನಿಶ್‌ಮೋರ್ ಗೆದ್ದಿತು, ಒಂದು ವರ್ಷ ಕ್ರ್ಯಾಗಿ ಐಲ್ಯಾಂಡ್ ಅನ್ನುವ ಹೆಸರು ಅದಕ್ಕೆ. ಸೋತವರಿಗೆ ರಗ್ಗೆಡ್ ಐಲ್ಯಾಂಡ್ ಅನ್ನುವ ಹೆಸರು, ಅದು ಧಾರಾವಾಹಿಯಲ್ಲಿ ಟೆಡ್‌ನ ಎದುರಾಳಿ ಪಾದ್ರಿಗಳ ದ್ವೀಪ. ಇದು ಟಿವಿ ಕಥೆಯಲ್ಲ, ನಿಜವಾದ ಜನ ನಿಜವಾಗಿ ಆಡಿದ್ದು. ಭಾವನ ಪ್ರಶ್ನೆಗೆ ಇದಕ್ಕಿಂತ ಒಳ್ಳೇ ಉತ್ತರ ಬೇಕಾ? ಗೇಲಿ ಮಾಡಿಸಿಕೊಂಡವರು ಆ ಹೆಸರಿಗಾಗಿ ಹೀಗೆ ಓಡಾಡುವುದಿಲ್ಲ. ಪ್ರೀತಿಯಿಂದ ಬರೆದದ್ದು ಅಂತ ಅವರಿಗೆ ಗೊತ್ತು, ಅದಕ್ಕೇ ಅದನ್ನು ತಮ್ಮದು ಮಾಡಿಕೊಂಡಿದ್ದಾರೆ.

ಸೋಮವಾರ: ಫ್ಯಾನೋರ್, ಐಲ್ವೀ, ಗಾಲ್ವೇ

ಬ್ಯಾಂಕ್ ರಜೆ, ಬೆಳಗ್ಗೆಯಿಂದಲೇ ಮಳೆ. ಸಮುದ್ರದ ಪಕ್ಕದ ರಸ್ತೆ ಹಿಡಿದು ಫ್ಯಾನೋರ್‌ಗೆ ಬಂದೆವು. ಅಲ್ಲಿ ಮರಳು ತೀರ, ಪಕ್ಕದಲ್ಲಿ ಕ್ಯಾರವಾನ್ ಪಾರ್ಕ್. ಎರಡನೇ ಸರಣಿಯ ಮೊದಲ ಕಂತು ಇಲ್ಲಿಯದು. ಮೂವರು ಪಾದ್ರಿಗಳು ರಜೆಗೆ ಅಂತ ಬಂದು, ಮಳೆ ಬಿಡದೆ, ಇಕ್ಕಟ್ಟಿನ ಕ್ಯಾರವಾನ್‌ನಲ್ಲಿ ಸಿಕ್ಕಿಕೊಳ್ಳುತ್ತಾರೆ. ಟೆಡ್ ಒಂದು ಆಟಿಕೆ ಹಸುವನ್ನು ಕೈಯಲ್ಲಿ ಹಿಡಿದು ಡೂಗಲ್‌ಗೆ ಪಾಠ ಹೇಳುತ್ತಾನೆ: ಇವು ಚಿಕ್ಕವು, ಹೊರಗೆ ಕಾಣುವವು ದೂರದಲ್ಲಿವೆ. ಡೂಗಲ್‌ಗೆ ಅರ್ಥವಾಗುವುದೇ ಇಲ್ಲ. ಮಾರ್ಗನ್ ಮುಖದಲ್ಲಿ ಆಗ ಬರೀ ತಾಳ್ಮೆ, ಆರ್ಡಲ್ ಒ'ಹ್ಯಾನ್ಲನ್ ಕಣ್ಣಲ್ಲಿ ಬರೀ ನಂಬಿಕೆ. ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ಇರಲಾರರು ಅಂತ ಆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಮುಂದೆ ತುಂಬಾ ಹೆಸರು ಮಾಡಿದ ಗ್ರಹಾಂ ನಾರ್ಟನ್ ಕೂಡ ಈ ಕಂತಿನಲ್ಲಿದ್ದಾರೆ, ಯುವಜನರ ಗುಂಪು ಕಟ್ಟಿಕೊಂಡು ಬಂದು ಆ ಕ್ಯಾರವಾನ್‌ನಲ್ಲೇ ಕುಣಿಸುವ ಪಾದ್ರಿಯಾಗಿ.

ನಮ್ಮ ಕಾರಿನ ಗಾಜೆಲ್ಲ ಮಂಜು ಹಿಡಿದಿತ್ತು. ಅಕ್ಕ ಫ್ಲಾಸ್ಕ್‌ನಿಂದ ಕಾಫಿ ಹಾಕಿಕೊಟ್ಟಳು, ಅಲ್ಲೇ ಫೋನಿನಲ್ಲಿ ಆ ದೃಶ್ಯ ಹಾಕಿ ಭಾವನಿಗೆ ತೋರಿಸಿದೆವು. ಹೊರಗೆ ದೂರದಲ್ಲಿ ಹಸುಗಳಿದ್ದವು. ಭಾವ ಒಂದು ಸಲ ಫೋನ್ ನೋಡಿದರು, ಒಂದು ಸಲ ಹೊರಗೆ ನೋಡಿದರು, ಆಮೇಲೆ ನಕ್ಕಿದ್ದು ನಿಲ್ಲಲೇ ಇಲ್ಲ.

ಐಲ್ವೀ ಗುಹೆ ನೋಡಿದೆವು. 1940ರಲ್ಲಿ ಒಬ್ಬ ರೈತನಿಗೆ ಸಿಕ್ಕಿದ್ದು, 1976ರಲ್ಲಿ ಜನಕ್ಕೆ ತೆರೆದರು, ಒಳಗೆ ಹಿಂದೆ ಕರಡಿಗಳು ಚಳಿಗಾಲ ಕಳೆದ ಗುಂಡಿಗಳಿವೆ. ಟೆಡ್ ಮತ್ತು ಡೂಗಲ್ ನೋಡಲು ಹೋಗುವ ಕತ್ತಲೆ ಗುಹೆ ಇದೇ. ಪೋಲ್ನಬ್ರೋನ್‌ನ ಕಲ್ಲುಮನೆಯಂಥ ಗೋರಿಗೆ 5,000 ವರ್ಷಕ್ಕೂ ಜಾಸ್ತಿ, ಅದರಡಿ 30ಕ್ಕೂ ಹೆಚ್ಚು ಜನರ ಮೂಳೆ ಸಿಕ್ಕಿವೆ. ಮಳೆಯಲ್ಲಿ ಬೇಗ ನೋಡಿ ಬಂದೆವು.

ಗಾಲ್ವೇ ದಾರಿಯಲ್ಲಿ ಮತ್ತೆ ಮಾರ್ಗನ್ ಮಾತು ಬಂತು. ಟೆಡ್‌ಗಿಂತ ಮುಂಚೆ ಅವರು ಐರಿಷ್ ರೇಡಿಯೋದಲ್ಲಿ 'ಸ್ಕ್ರ್ಯಾಪ್ ಸ್ಯಾಟರ್ಡೇ' ಅಂತ ರಾಜಕಾರಣಿಗಳನ್ನು ಅಣಕಿಸುವ ಕಾರ್ಯಕ್ರಮ ಮಾಡುತ್ತಿದ್ದರು. ಜನ ಮೆಚ್ಚಿದ್ದರು, ಆದರೂ 1991ರಲ್ಲಿ ನಿಲ್ಲಿಸಿಬಿಟ್ಟರು. ಆಮೇಲೆ ಸಿಕ್ಕಿದ ಈ ಪಾತ್ರದಲ್ಲಿ ಅವರು ಎಷ್ಟು ಚೆನ್ನಾಗಿ ಕುಳಿತರೆಂದರೆ ಬೇರೆ ಯಾರನ್ನೂ ಅಲ್ಲಿ ಊಹಿಸಲು ಆಗುವುದಿಲ್ಲ. ಕೊನೆಯ ಕಂತಿನ ಚಿತ್ರೀಕರಣ ಮುಗಿದ ಮರುದಿನ, 1998ರ ಫೆಬ್ರವರಿ 28ರಂದು, ಹೃದಯಾಘಾತದಿಂದ ತೀರಿಕೊಂಡರು. 45 ವರ್ಷ. ಮೂರನೇ ಸರಣಿಯನ್ನು ಒಂದು ವಾರ ಮುಂದೆ ಹಾಕಿ ಪ್ರಸಾರ ಮಾಡಿದರು. ಜ್ಯಾಕ್ ಪಾತ್ರ ಮಾಡಿದ ಫ್ರ್ಯಾಂಕ್ ಕೆಲ್ಲಿ ತೀರಿಕೊಂಡಿದ್ದು 2016ರಲ್ಲಿ, ಅದೂ ಫೆಬ್ರವರಿ 28ರಂದೇ.

"45 ಅಂದ್ರೆ ನನಗಿಂತ ಚಿಕ್ಕವರು," ಭಾವ ಅಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲಿಂದ ನೋಡಲು ಶುರು ಮಾಡಬೇಕು ಅಂತ ಕೇಳಿದರು. ಅಕ್ಕ ಮೊದಲ ಕಂತಿನಿಂದಲೇ ಅಂದಳು, ಆ ಜಾತ್ರೆ ಕಂತು, ಜನ ಬರೀ ಒಂದು ಏಣಿ ಹತ್ತಿ ಇಳಿಯುವುದಕ್ಕೂ ದುಡ್ಡು ಕೊಡುವುದು. ನಾನು ಬೇಡ, ಹಾಡಿನ ಸ್ಪರ್ಧೆಯ ಕಂತು ಮೊದಲು ಅಂದೆ. ಐರ್ಲೆಂಡ್ 1992, 93, 94 ಮೂರೂ ವರ್ಷ ಯೂರೋವಿಷನ್ ಅನ್ನುವ ಯುರೋಪಿನ ಹಾಡಿನ ಸ್ಪರ್ಧೆ ಗೆದ್ದಿತ್ತು, ಗೆದ್ದ ದೇಶವೇ ಮುಂದಿನ ವರ್ಷ ಖರ್ಚು ಹಾಕಿ ನಡೆಸಬೇಕು, 1993ರದ್ದು ಕಾರ್ಕ್ ಜಿಲ್ಲೆಯ ಮಿಲ್‌ಸ್ಟ್ರೀಟ್ ಅನ್ನುವ ಪುಟ್ಟ ಊರಲ್ಲೇ ನಡೆದಿತ್ತು. ಇನ್ನು ಗೆದ್ದರೆ ಕಷ್ಟ ಅನ್ನುವ ಹೊತ್ತಿಗೆ ಟೆಡ್ ಮತ್ತು ಡೂಗಲ್ ಕುದುರೆ ಮೇಲೆ ಬರೆದ ಒಂದು ಹಾಡು ಹಿಡಿದುಕೊಂಡು ಹೋಗುತ್ತಾರೆ. ಅದಕ್ಕೆ ಸಂಗೀತ ಮಾಡಿದ್ದು ನೀಲ್ ಹ್ಯಾನನ್, ಹಾಡು ಇವತ್ತಿಗೂ ಇಲ್ಲಿ ಎಲ್ಲರ ಬಾಯಲ್ಲಿದೆ. ಗಾಲ್ವೇ ಬಸ್ ಸ್ಟ್ಯಾಂಡ್ ಬರುವವರೆಗೂ ಇದೇ ವಾದ. ಬಸ್ ಹತ್ತುವಾಗ ಅಕ್ಕ ಚಕ್ಕುಲಿ ಡಬ್ಬಿ ಕೊಟ್ಟಳು, ಬೇಡ ಅಂದೆ, ಬ್ಯಾಗಿಗೆ ತುರುಕಿದಳು.

ಭಾವ ಅಕ್ಕನ ಮಾತನ್ನೇ ಕೇಳಿದ್ದಾರೆ, ಮೊದಲಿನಿಂದ ಶುರು ಮಾಡಿದ್ದಾರೆ. ಎರಡನೇ ಸರಣಿ ಮುಗಿಯುವ ಹೊತ್ತಿಗೆ ಫೋನ್ ಮಾಡಿ, ಇನಿಶ್‌ಮೋರ್‌ನ ಟೆಡ್ ಫೆಸ್ಟ್‌ಗೆ ಟಿಕೆಟ್ ಹೇಗೆ ತಗೊಳ್ಳೋದು ಅಂತ ಕೇಳಿದರು. ನಾಲ್ಕು ಟಿಕೆಟ್ ಬೇಕಂತೆ, ಅವರ ಆಸ್ಪತ್ರೆಯ ಗೆಳೆಯರೊಬ್ಬರೂ ಬರುತ್ತಾರಂತೆ.